ಹವ್ವಾಳ ಬಾವಿಗೆ ಕೈ ಹಾಕಿದ್ದು

ಸಮುದ್ರ ಹೇಗಿದೆ ಅಂತ ಊರಲ್ಲಿ ಎಲ್ಲರೂ ಕೇಳಿದರು. ದೊಡ್ಡದಿದೆ. ಅದಕ್ಕೆ ಕಟ್ಟೆ ಇಲ್ಲ, ತೂಬು ಇಲ್ಲ, ಕೋಡಿ ಇಲ್ಲ. ಅಷ್ಟು ನೀರಿದ್ದರೂ ಒಂದು ಗುಟುಕು ಕುಡಿಯೋ ಹಾಗಿಲ್ಲ. ಇಷ್ಟು ಹೇಳಿದರೆ ಜನಕ್ಕೆ ಸಾಕಾಗಲ್ಲ, ಫೋಟೋ ತೋರಿಸು ಅಂತಾರೆ. ಫೋಟೋದಲ್ಲಿ ನೀಲಿ ಬಣ್ಣ ಬಿಟ್ಟು ಏನೂ ಕಾಣಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ನಾನು ಒಬ್ಬಳ ಬಾವಿ ಕೆಡಿಸಿದೆ. ಅದನ್ನೂ ಬರೆಯುತ್ತೇನೆ. ಬೇರೆಯವರ ಬಾಯಿಂದ ಕೇಳೋದಕ್ಕಿಂತ ನನ್ನಿಂದಲೇ ಕೇಳಿ.

ನಮ್ಮದು ಮುಳಬಾಗಿಲು ತಾಲ್ಲೂಕು, ದೇವರಾಯಸಮುದ್ರ ದಾಟಿ ಒಂದು ಹಳ್ಳಿ. ನಮ್ಮ ಮನೆಯವರು ನೀರುಗಂಟಿಗಳು. ಅಂದರೆ ಕೆರೆ ತೂಬು ಎತ್ತಿ ಇಳಿಸಿ, ಸರದಿ ಪ್ರಕಾರ ಗದ್ದೆಗದ್ದೆಗೆ ನೀರು ಬಿಡುವವರು. ಮಾವ ಮಾಡಿದರು, ಗಂಡ ಮಾಡಿದ, ಅವನು ಹೋದ ಮೇಲೆ ನಾನು ಮಾಡಿದೆ. ಹೆಂಗಸು ತೂಬಿಗೆ ಇಳೀತಾಳಾ ಅಂತ ಆಡಿಕೊಂಡವರೇ ಕೆರೆ ತುಂಬಿದ ವರ್ಷ ಬೆಳಗಾಗೋ ಮುಂಚೆ ನಮ್ಮ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಎಷ್ಟೋ ವರ್ಷ ಕೆರೆ ತುಂಬಲಿಲ್ಲ. ಎಲ್ಲರೂ ಬೋರ್ ಕೊರೆಸಿದರು. ನಾವೂ ಕೊರೆಸಿದೆವು. ತೂಬಿನ ಕಲ್ಲಿನ ಮೇಲೆ ಹಲ್ಲಿ ಕೂತುಕೊಂಡಿತು.

ಮಗಳ ಮಗಳು ರೂಪ ನರ್ಸ್. ಮಾಲ್ಡೀವ್ಸ್ ಅನ್ನೋ ದೇಶದಲ್ಲಿ, ಒಂದು ಸಣ್ಣ ದ್ವೀಪದ ಆಸ್ಪತ್ರೆಯಲ್ಲಿ ಕೆಲಸ. ನನ್ನನ್ನ ಅವ್ವ ಅಂತಾಳೆ. ಅವಳು ಬಾಡಿಗೆಗಿರೋ ಮನೆ ಒಡತಿಯ ಹೆಸರು ಹವ್ವಾ. ಒಂದು ದಿನ ರೂಪ ಫೋನ್ ಮಾಡಿದಳು.

"ಅವ್ವಾ, ಹವ್ವಾ ಅಕ್ಕನ ಬಾವಿ ನೀರು ಉಪ್ಪಿಗೆ ತಿರುಗ್ತಾ ಇದೆ. ನಮ್ಮವ್ವ ನೀರಿನೋಳು, ನೀರು ಅಂದ್ರೆ ಅವಳಿಗೆ ಗೊತ್ತು ಅಂತ ಹೇಳ್ಬಿಟ್ಟಿದ್ದೀನಿ. ರಜಕ್ಕೆ ಬರ್ತೀನಿ, ವಾಪಸ್ ಹೋಗೋವಾಗ ನನ್ನ ಜೊತೆ ಬರ್ತೀಯಾ?"

"ನೀರು ನೋಡೋಕೆ ಅಷ್ಟು ದೂರ ಬರ್ಬೇಕೇನೇ?"

"ಇಲ್ಲಿದ್ದು ಏನ್ ನೋಡ್ತೀಯ? ಕೆರೇಲಿ ಜಾಲಿ ಗಿಡ ನೋಡ್ತೀಯ."

ಅದು ನಿಜ. ಹೊರಟೆ.

ಬೆಂಗಳೂರಿನ ವಿಮಾನದ ಹತ್ತಿರ

ಬಾವಿ ನೋಡೋಕೆ ಹೋಗೋಳು ಬರಿಗೈಲಿ ಹೋಗೋದು ಹೇಗೆ ಅಂತ ಗುದ್ದಲಿ ಇಟ್ಟುಕೊಂಡಿದ್ದೆ. ಮರದ ಕಾವು ಬಿಚ್ಚಿ, ಬರೀ ಗುದ್ದಲಿಯನ್ನ ಹಳೇ ಸೀರೆಯಲ್ಲಿ ಸುತ್ತಿ, ರಾಗಿ ಹಿಟ್ಟಿನ ಕೆಳಗೆ ಕೈಚೀಲದಲ್ಲಿ ಇಟ್ಟೆ. ರೂಪಂಗೆ ಹೇಳಿರಲಿಲ್ಲ. ಚೀಲ ಒಂದು ಪೆಟ್ಟಿಗೆಯೊಳಗೆ ಹೋಗಿ ಆಚೆ ಬಂತು. ಅಲ್ಲಿದ್ದ ಹುಡುಗ ನಮ್ಮ ಕಡೆಯವನೇ ಇರಬೇಕು, ಮಾಲೂರಿನ ಮಾತಿನ ಧಾಟಿ.

"ಇದೇನಜ್ಜಿ ಇದು?"

"ಗುದ್ದಲಿ ಕಣಪ್ಪ. ಕಾವಿಲ್ಲ, ಹೆದರ್ಕೋಬೇಡ."

"ವಿಮಾನದಲ್ಲಿ ಗುದ್ದಲಿ ಯಾಕಜ್ಜಿ?"

"ವಿಮಾನ ಯಾಕ್ ಅಗೀತೀನಪ್ಪ? ಬಾವಿಗೆ."

ಅವನು ನಕ್ಕ, ಪಕ್ಕದವಳೂ ನಕ್ಕಳು. ನಕ್ಕು ನಕ್ಕು ಗುದ್ದಲಿ ಕಿತ್ತುಕೊಂಡರು. ರಾಗಿ ಹಿಟ್ಟು ಬಿಟ್ಟರು. ರೂಪ ಅಷ್ಟು ದೂರದಲ್ಲಿ, ನಾನು ಯಾರೋ ಏನೋ ಅನ್ನೋ ಹಾಗೆ ನಿಂತಿದ್ದಳು. ಆವತ್ತು ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತೆ, ಆ ಹುಡುಗ ನನ್ನ ಜೊತೆ ದ್ವೀಪದ ತನಕ ಬಂದು ಅಲ್ಲಿದ್ದ ಗುದ್ದಲಿಯನ್ನೂ ಕಿತ್ತುಕೊಳ್ಳಬೇಕಿತ್ತು.

ವಿಮಾನದ ಬಗ್ಗೆ ಹೇಳೋಕೆ ಏನಿಲ್ಲ. ಬಸ್ಸಿನ ಹಾಗೇ ಕೂರಿಸುತ್ತಾರೆ, ಕಿಟಕಿ ಮಾತ್ರ ತೆಗೆಯೋಕೆ ಬರಲ್ಲ.

ದೋಣಿ

ವಿಮಾನ ಇಳಿದು ಮತ್ತೆ ದೋಣಿ. ಅರ್ಧ ದಿನ. ನಾನು ವಾಂತಿ ಮಾಡಿಕೊಂಡೆ, ಮೂರು ಸಲ. ಎದುರಿಗೆ ಕೂತಿದ್ದ ಮುದುಕ ಏನೂ ಕೇಳದೆ ಒಂದು ತಗಡಿನ ಡಬ್ಬಿ ತೆರೆದು ನನ್ನ ಮುಂದೆ ಹಿಡಿದ. ಎಲೆ, ಅಡಿಕೆ, ಸುಣ್ಣ, ಲವಂಗ. ಅಡಿಕೆ ಮಾತ್ರ ಕಾಗದದಷ್ಟು ತೆಳ್ಳಗೆ ಕತ್ತರಿಸಿದ್ದು. ಹಾಕಿಕೊಂಡೆ, ವಾಂತಿ ನಿಂತಿತು. ಅವನ ಭಾಷೆ ನನಗೆ ಬರಲ್ಲ, ನನ್ನದು ಅವನಿಗೆ ಬರಲ್ಲ. ಇಬ್ಬರೂ ಸಮುದ್ರಕ್ಕೆ ಉಗಿದೆವು.

ಸುತ್ತ ನೀರು ಬಿಟ್ಟರೆ ನೀರು. ನೋಡುತ್ತಾ ಹೋದ ಹಾಗೆ ನನಗೆ ಒಂದೇ ಯೋಚನೆ. ಇದನ್ನ ಯಾರು ಬಿಡ್ತಾರೆ, ಯಾರು ಕಟ್ತಾರೆ? ನೀರು ಅಂದಮೇಲೆ ಅದಕ್ಕೊಬ್ಬ ಇರಬೇಕು ಅಂತ ನಮ್ಮ ಲೆಕ್ಕ. ಅಲ್ಲಿ ಯಾರೂ ಕಾಣಲಿಲ್ಲ.

ಹವ್ವಾಳ ಅಂಗಳ

ದ್ವೀಪ ಅಂದರೆ ನಮ್ಮ ಕೆರೆ ಅಂಗಳದಷ್ಟು ಇರಬಹುದು. ಒಲೆ ಮೇಲೆ ಎಸರಿಟ್ಟು ಸುತ್ತು ಹಾಕಿ ಬಂದರೆ ಹಿಟ್ಟು ಹಾಕೋ ಹೊತ್ತಿಗೆ ಸರಿಯಾಗುತ್ತೆ. ಬೆಟ್ಟ ಇಲ್ಲ, ದಿಣ್ಣೆ ಇಲ್ಲ, ನಮ್ಮ ಕಡೆ ಇರೋ ಬಂಡೆಗಳಲ್ಲಿ ಒಂದೂ ಇಲ್ಲ. ಮಣ್ಣೇ ಇಲ್ಲ ಅನ್ನಿ. ಬಿಳಿ ಮರಳು. ಹೆಂಗಸರು ಎದ್ದ ತಕ್ಷಣ ಪೊರಕೆ ಹಿಡಿದು ಅಂಗಳ ಗುಡಿಸುತ್ತಾರೆ. ಸಾರಿಸೋಕೆ ಸಗಣಿ ಇಲ್ಲ, ಹಸುವೇ ಇಲ್ಲ. ತಿಂಡಿಗೆ ಮೀನು, ಊಟಕ್ಕೆ ಮೀನು, ಟೀ ಜೊತೆ ಕಡಿಯೋಕೂ ಮೀನು. ನಾನು ಮೀನು ತಿನ್ನೋಳೇ. ಆದರೂ ನಾಲ್ಕನೇ ದಿನ ಒಂದು ಸೊಪ್ಪಿನ ಸಾರು ಕಂಡರೆ ಸಾಕು ಅನ್ನಿಸಿತು.

ಹವ್ವಾಗೆ ಐವತ್ತರ ಹತ್ತಿರ. ಗಂಡ ಇಲ್ಲ. ಮೀನು ಹಿಡಿಯೋ ತಮ್ಮ ಅಲಿ ಅವಳ ಜೊತೆ ಇದ್ದಾನೆ. ಇಬ್ಬರಿಗೂ ಸಿನಿಮಾ ನೋಡಿ ಕಲಿತ ಹಿಂದಿ ಬರುತ್ತೆ. ನನಗೆ ಮುಳಬಾಗಿಲಿನ ದರ್ಗಾ ಬೀದಿಯಲ್ಲಿ ಸೊಪ್ಪು ಮಾರಿ ಕಲಿತ ಉರ್ದು ಬರುತ್ತೆ. ಸಾಕಾಯಿತು. ಅವಳು ನನ್ನನ್ನ ನಾನಿ ಅಂದಳು. ನಾನು ನಮ್ಮ ಬೀದಿ ಅಭ್ಯಾಸದಲ್ಲಿ ಬೂಬಮ್ಮ ಅಂದೆ. ಹಾಗಂದರೇನು ಅಂತ ಅವಳು ಕೇಳಲೂ ಇಲ್ಲ.

ಬಂದ ದಿನವೇ ಮುದ್ದೆ ಮಾಡಿ ಮೀನಿನ ಸಾರಿಗೆ ಹಾಕಿ ಕೊಟ್ಟೆ. ಹವ್ವಾ ಅಗಿದಳು. ಅಗಿದೂ ಅಗಿದೂ ಕಣ್ಣಲ್ಲಿ ನೀರು ಬಂತು.

"ಅಗೀಬೇಡ ಬೂಬಮ್ಮ, ನುಂಗು. ಕಣ್ಣು ಮುಚ್ಚಿ ನುಂಗಿಬಿಡು."

"ನಾನಿ, ಇದು ಊಟವಾ, ಶಿಕ್ಷೆಯಾ?" ಅಂದಳು.

ಅಲಿ ಎರಡನೇ ಮುದ್ದೆ ಕೇಳಿದ.

ಅಸ್ಸಿದ

ನಾನು ಹೋದದ್ದು ಯುಗಾದಿ ಕಳೆದ ಮೇಲೆ. ಹವ್ವಾ ದಿನಾ ಬೆಳಗ್ಗೆ ಆಕಾಶ ನೋಡಿ "ಅಸ್ಸಿದ ಬಂತು, ಮಳೆ ಇಲ್ಲ" ಅನ್ನುತ್ತಿದ್ದಳು. ಅಸ್ಸಿದ ಯಾರು ಅಂದೆ. ಯಾರೂ ಅಲ್ಲ, ಮಳೆ ಹೆಸರು ಅಂದಳು. ಅದಾದ ಮೇಲೆ ಬುರುನು, ಆಮೇಲೆ ಕೆತಿ, ಆಮೇಲೆ ರೋನು. ಬೆರಳು ಮಡಚಿ ಎಣಿಸಿದಳು. ನಾನು ಕೂತಲ್ಲಿಂದ ಎದ್ದೆ.

"ಇನ್ನೊಂದ್ಸಲ ಹೇಳು."

ಹೇಳಿದಳು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ನಮ್ಮ ಮಳೆ ನಕ್ಷತ್ರಗಳೇ, ಸಮುದ್ರದ ಮಧ್ಯದಲ್ಲಿ ಕೂತಿವೆ. ನಾನೂ ಬೆರಳು ಮಡಚಿ ನಮ್ಮ ಹೆಸರು ಹೇಳಿದೆ. ಇಬ್ಬರ ಬೆರಳೂ ಒಂದೇ ಕಡೆ ನಿಂತಿತು. ಈ ಹೆಸರುಗಳು ಇಲ್ಲಿಂದ ಅಲ್ಲಿಗೆ ಹೋದವೋ, ಅಲ್ಲಿಂದ ಇಲ್ಲಿಗೆ ಬಂದವೋ ನನಗೆ ಗೊತ್ತಿಲ್ಲ. ಯಾರೋ ದೋಣಿಯವರು ಎಲೆ ಅಡಿಕೆ ಜೊತೆ ತಂದಿರಬೇಕು.

"ನಿಮ್ಮಲ್ಲಿ ಸರಿಯಾಗಿ ಬರುತ್ತಾ?" ಅಂತ ಕೇಳಿದಳು.

"ಎಲ್ಲಿ ಬರುತ್ತೆ! ಹೆಸರು ಬರುತ್ತೆ, ಮಳೆ ಬರಲ್ಲ. ಬರಬಾರದಾಗ ಬರುತ್ತೆ. ರೂಪಳ ಅಪ್ಪಂದು ಗೌನಿಪಲ್ಲಿ ಹತ್ತಿರ ಮಾವಿನ ತೋಪು. ಹೂವು ನಿಂತಾಗ ಸುರಿದು ಹೂವೆಲ್ಲ ಕಪ್ಪಗಾಯ್ತು. ಕಾಯಿ ಊದೋ ಹೊತ್ತಿಗೆ ಒಂದು ಹನಿ ಇಲ್ಲ."

"ನಮ್ಮಲ್ಲೂ ಹಾಗೇ. ಮೂರು ತಿಂಗಳದು ಮೂರು ದಿನಕ್ಕೆ ಸುರಿದು ಓಡುತ್ತೆ."

ಅಲ್ಲಿ ಕುಡಿಯೋಕೆ ಮಳೆ ನೀರೇ. ಮನೆ ಮುಂದಿನ ತಗಡಿನಿಂದ ದೊಡ್ಡ ಪ್ಲಾಸ್ಟಿಕ್ ಟ್ಯಾಂಕಿಗೆ ಇಳಿಸಿಕೊಳ್ಳುತ್ತಾರೆ. ಅದು ಖಾಲಿಯಾದರೆ ಸರ್ಕಾರದ ದೋಣಿ ನೀರು ತರುತ್ತೆ. ನಮ್ಮಲ್ಲಿ ಟ್ಯಾಂಕರ್ ಬರೋ ಹಾಗೆ. ಬಿಂದಿಗೆ ಸಾಲಿನಲ್ಲಿ ಜಗಳವೂ ಹಾಗೇ, ಬೈಗುಳ ಮಾತ್ರ ನನಗೆ ತಿಳಿಯಲಿಲ್ಲ.

ಅಲಿ ಒಂದು ಮಧ್ಯಾಹ್ನ ನನ್ನನ್ನ ಸಮುದ್ರದ ಅಂಚಿಗೆ ಕರೆದುಕೊಂಡು ಹೋದ. ಕಾಲಿಟ್ಟೆ. ಹಂಡೆಯಲ್ಲಿ ಉಗುರುಬೆಚ್ಚಗೆ ಮಾಡಿ ಇಟ್ಟ ಹಾಗಿದೆ ನೀರು. ಮೊಣಕಾಲುದ್ದ ನೀರಿನಲ್ಲಿ ಬಿಳಿ ಕಲ್ಲು ರಾಶಿ ಬಿದ್ದಿತ್ತು, ಸುಣ್ಣದ ಗೂಡಿನಿಂದ ತೆಗೆದ ಹಾಗೆ.

"ಇದು ಹವಳ ನಾನಿ. ಜೀವ ಇತ್ತು ಇದಕ್ಕೆ. ಕೆಂಪು, ಹಳದಿ, ಹಸಿರು. ನೀರು ಕಾದು ಕಾದು ಹೀಗಾಯಿತು. ಗಾಳಕ್ಕೆ ಹಾಕೋ ಚಿಕ್ಕ ಮೀನು ಇದರೊಳಗೇ ಇರ್ತಿತ್ತು. ಈಗ ಅದು ಸಿಗಲ್ಲ. ಚಿಕ್ಕದು ಸಿಗದೆ ದೊಡ್ಡದು ಹಿಡಿಯೋದು ಹೇಗೆ?"

ಆಮೇಲೆ ನೀರಿನೊಳಗೆ ಬೆರಳು ತೋರಿಸಿದ. ಅಲ್ಲಿ ತೆಂಗಿನ ಸಾಲಿತ್ತಂತೆ, ಚಿಕ್ಕವನಿದ್ದಾಗ ಅವನು ಹತ್ತಿದ್ದು. ಈಗ ಒಂದು ಬುಡ ಮಾತ್ರ ಅಲೆಗೆ ಮುಳುಗಿ ಏಳುತ್ತಿತ್ತು. ದಡಕ್ಕೆ ಮರಳಿನ ಮೂಟೆ ಜೋಡಿಸಿದ್ದರು, ಕೆರೆ ಏರಿ ಒಡೆಯೋ ಹಾಗಿದ್ದಾಗ ನಾವು ಜೋಡಿಸೋ ಹಾಗೇ. ನಾವು ಜೋಡಿಸೋದು ಒಂದು ರಾತ್ರಿ ತಡೆದರೆ ಸಾಕು ಅಂತ. ಇವರದು ಯಾವತ್ತಿನ ತನಕ ಅಂತ ಕೇಳಲಿಲ್ಲ.

"ಸಮುದ್ರ ಕಾದರೆ ಗಾಳಿ ಎದ್ದು ಮಳೆ ನಿಮ್ಮ ಕಡೆ ಹೋಗುತ್ತೆ" ಅಂದ ಅಲಿ, ಏನೋ ನಾನು ಕದ್ದ ಹಾಗೆ.

ಕೆಲವು ವರ್ಷದ ಹಿಂದೆ ಕಾರ್ತೀಕದಲ್ಲಿ ಮದ್ರಾಸಿನ ಕಡೆ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ರೇಡಿಯೋದಲ್ಲಿ ಹೇಳಿದ ವಾರವೇ ನಮ್ಮ ಕೆರೆ ಒಂದೇ ಏಟಿಗೆ ತುಂಬಿ ಕೋಡಿ ಹರಿದಿತ್ತು. ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆ ಬಂತು. ಅದು ನೆನಪಾಯಿತು. ಅಲಿ ಹೇಳಿದ್ದು ಪೂರಾ ಸುಳ್ಳಲ್ಲ.

ಬಾವಿ

ಈಗ ಬಾವಿ. ನಮ್ಮ ಲೆಕ್ಕದಲ್ಲಿ ಅದು ಬಾವಿಯೇ ಅಲ್ಲ. ಹವಳದ ಕಲ್ಲು ಕಟ್ಟಿದ ಒಂದು ಗುಂಡಿ. ರಾಟೆ ಇಲ್ಲ, ಹಗ್ಗ ಇಲ್ಲ. ಕೋಲಿನ ತುದಿಗೆ ಡಬ್ಬ ಕಟ್ಟಿ ಮೊಗೆಯುತ್ತಾರೆ. ಒಳಗೆ ನಿಂತರೆ ನೀರು ನನ್ನ ಮೊಣಕಾಲಿಗೆ ಬರಬಹುದು. ನಮ್ಮಲ್ಲಿ ಸಾವಿರದ ಇನ್ನೂರು ಅಡಿ ಕೊರೆದರೆ ಧೂಳು ಏಳುತ್ತೆ. ಇಲ್ಲಿ ಕೋಳಿ ಕೆದರಿದರೆ ನೀರು. ನನಗೆ ನಗು ಬಂತು.

ಹವ್ವಾಗೆ ನಗು ಬರಲಿಲ್ಲ. ದ್ವೀಪದ ಆ ಭಾಗದಲ್ಲಿ ಉಳಿದ ಬಾವಿಗಳೆಲ್ಲ ಉಪ್ಪಾಗಿವೆ. ಅವಳದೊಂದೇ ಬಾಯಿಗೆ ಹಾಕೋ ಹಾಗಿರೋದು. ಅದರಿಂದಲೇ ಅವಳ ಬಾಳೆ, ಪರಂಗಿ, ಮೆಣಸಿನ ಗಿಡ. ಉಪ್ಪಾದ ಕಡೆಯ ಮನೆಯವರನ್ನ ಸರ್ಕಾರ ದೊಡ್ಡ ದ್ವೀಪಕ್ಕೆ ಸಾಗಿಸೋಕೆ ಪಟ್ಟಿ ಮಾಡುತ್ತಿದೆ. ಅಲಿಗೆ ಹೋಗೋದೇ ಇಷ್ಟ, ಅಲ್ಲಿ ಕೂಲಿ ಸಿಗುತ್ತೆ. ಹವ್ವಾಗೆ ಇಷ್ಟ ಇಲ್ಲ. ಪಟ್ಟಿಯವರು ಬಂದಾಗೆಲ್ಲ ಅವಳದು ಒಂದೇ ಮಾತು: "ನನ್ನ ಬಾವಿ ಸಿಹಿಯಿದೆ. ನಾನು ಯಾಕೆ ಹೋಗಲಿ?" ಆ ಬಾವಿ ಈ ವರ್ಷ ಸ್ವಲ್ಪ ಸ್ವಲ್ಪವೇ ಉಪ್ಪಿಗೆ ತಿರುಗುತ್ತಿತ್ತು. ಅವಳು ಇರೋದು, ಬಿಡೋದು ಆ ಮೊಣಕಾಲುದ್ದ ನೀರಿನ ಮೇಲೆ ನಿಂತಿತ್ತು.

ನಾನು ಒಂದು ಗುಟುಕು ಬಾಯಿಗೆ ಹಾಕಿ ಉಗಿದೆ. ನಾಲಿಗೆ ತುದಿಗೆ ಉಪ್ಪು ಹತ್ತಿತು, ಜಾಸ್ತಿಯಲ್ಲ.

"ಇದನ್ನ ಅಗೆಸೇ ಇಲ್ಲವಲ್ಲ ನೀವು" ಅಂದೆ.

"ಅಮ್ಮ ಬೇಡ ಅಂತಿದ್ದಳು. ಕೆಳಗಿನ ಸಾಲು ಕಲ್ಲು ದಾಟಿ ಗುದ್ದಲಿ ಹಾಕಬಾರದು ಅಂತಿದ್ದಳು."

"ಯಾಕೆ?"

"ಯಾಕೆ ಅಂತ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ."

"ನೋಡು ಬೂಬಮ್ಮ, ಮೇಲಿನ ನೀರು ಕೆಟ್ಟರೆ ಕೆಳಗೆ ಹೋಗಬೇಕು. ನಮ್ಮ ಜಿಲ್ಲೆ ಪೂರಾ ಹಾಗೇ ಬದುಕಿರೋದು."

ಹಾಗೆ ಕೆಳಕೆಳಗೆ ಹೋಗಿ ನಮ್ಮ ಜಿಲ್ಲೆ ಎಲ್ಲಿಗೆ ಬಂದಿದೆ ಅನ್ನೋದು ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲಿಲ್ಲ. ಹವ್ವಾ ಬಾವಿ ನೋಡಿದಳು, ನನ್ನ ಮುಖ ನೋಡಿದಳು. "ನೀವು ನೀರಿನವರು" ಅಂದಳು. ಒಪ್ಪಿದಳು.

ರೂಪ ಆಸ್ಪತ್ರೆಯಲ್ಲಿದ್ದಳು. ಅಲಿ ಇಳಿದ. ನಮ್ಮಲ್ಲಿ ಬಾವಿ ಶುಚಿ ಮಾಡೋವಾಗ ಮೊದಲು ಹಳೇ ನೀರು ಪೂರಾ ಎತ್ತಿ ಚೆಲ್ಲುತ್ತೇವೆ. ಅದನ್ನೂ ಮಾಡಿಸಿದೆ. ಇದ್ದ ಸಿಹಿನೀರೆಲ್ಲ ನಾನೇ ನಿಂತು ಮರಳಿಗೆ ಚೆಲ್ಲಿಸಿದೆ ಅನ್ನಿ. ಆಮೇಲೆ ಕೆಳಗಿನ ಸಾಲು ಕಲ್ಲು ದಾಟಿ ಎರಡು ಮೊಳ ಅಗೆದ. ಮರಳು, ಹವಳದ ಚೂರು ತಲೆ ಮೇಲೆ ಬುಟ್ಟಿಯಲ್ಲಿ ಹೊತ್ತು ನಾನೂ ಹಾಕಿದೆ. ನೀರು ಬುಗ್ಗೆ ಬುಗ್ಗೆಯಾಗಿ ಬಂತು. ಸಂಜೆಗೆ ಅಲಿಯ ಸೊಂಟದ ತನಕ. ಅಷ್ಟು ನೀರು ಆ ಬಾವಿಯಲ್ಲಿ ಹವ್ವಾ ಹುಟ್ಟಿದಾಗಿಂದ ಕಂಡಿರಲಿಲ್ಲ. ಅವಳು ಮೆಣಸಿನ ಗಿಡಕ್ಕೆಲ್ಲ ಎರಡೆರಡು ಡಬ್ಬ ಸುರಿದಳು. ರಾಡಿ ತಿಳಿಯಾಗಲಿ, ಬೆಳಗ್ಗೆ ಬಾಯಿಗೆ ಹಾಕೋಣ ಅಂದೆ. ಹಾಸಿಗೆಯಲ್ಲಿ ಮಲಗಿ, ಊರಲ್ಲಿ ಯಾರ್‍ಯಾರಿಗೆ ಇದನ್ನ ಹೇಗೆ ಹೇಳಬೇಕು ಅಂತ ಜೋಡಿಸಿಕೊಳ್ಳುತ್ತಿದ್ದೆ.

ಬೆಳಗ್ಗೆ ಹವ್ವಾ ಡಬ್ಬ ಎತ್ತಿ ಒಂದು ಗುಟುಕು ಹಾಕಿಕೊಂಡಳು. ತಕ್ಷಣ ಉಗಿದಳು. ಮತ್ತೊಂದು ಗುಟುಕು. ಮತ್ತೆ ಉಗಿದಳು. ಡಬ್ಬ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಸಮುದ್ರವನ್ನೇ ಮೊಗೆದು ತಂದ ಹಾಗಿತ್ತು.

ಅಳಲಿಲ್ಲ, ಬೈಯಲಿಲ್ಲ. ಆವತ್ತು ಅಂಗಳ ಗುಡಿಸಲಿಲ್ಲ, ಅಷ್ಟೇ.

ಬೈದವಳು ರೂಪ. "ಅವ್ವಾ, ನಾನು ಕರ್ಕೊಂಡು ಬಂದಿದ್ದು ನೋಡೋಕೆ. ಅಗಿಯೋಕಲ್ಲ!"

"ನೀರಿನೋಳು ಅಂತ ಹೇಳಿದೋಳು ನೀನೇ ತಾನೆ?"

"ಕೆರೆ ನೀರಿನೋಳು ಕಣವ್ವಾ, ಕೆರೆ!"

"ಅದನ್ನ ಅವಳಿಗೆ ಮುಂಚೆ ಹೇಳ್ಬೇಕಿತ್ತು."

ನಾಲ್ಕನೇ ದಿನಕ್ಕೆ ಮೆಣಸಿನ ಗಿಡದ ಎಲೆ ಅಂಚು ಸುಟ್ಟ ಹಾಗಾಯಿತು.

ಮೀಟರಿನವನು

ಆ ವಾರದ ದೋಣಿಗೆ ಪಟ್ಟಿ ಮಾಡುವವನು ಬಂದ. ಚಿಕ್ಕ ವಯಸ್ಸು, ಕನ್ನಡಕ, ಕೈಯಲ್ಲಿ ಪೆನ್ನಿನ ಹಾಗಿನ ಒಂದು ಮೀಟರು. ನೀರಿಗೆ ಅದ್ದಿದರೆ ಉಪ್ಪು ಎಷ್ಟಿದೆ ಅಂತ ಹೇಳುತ್ತೆ. ಹವ್ವಾ ಬಾಗಿಲಲ್ಲಿ ನಿಂತು "ನನ್ನ ಬಾವಿ ಸಿಹಿ" ಅಂತ ಹೇಳಲಿಲ್ಲ. ಸುಮ್ಮನೆ ದಾರಿ ಬಿಟ್ಟಳು. ಅವನು ಅದ್ದಿದ, ನೋಡಿದ, ಇನ್ನೊಂದು ಸಲ ಅದ್ದಿದ. ಪುಸ್ತಕ ತೆಗೆದ.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ನೀರುಗಂಟಿಯ ತಪ್ಪಿನಿಂದ ಯಾರದಾದರೂ ಗದ್ದೆ ಒಣಗಿದರೆ ಅವನು ಏರಿ ಮೇಲೆ ಎಲ್ಲರ ಎದುರು ಹೇಳಬೇಕು, ತನ್ನ ಸರದಿಯ ನೀರು ಆ ಗದ್ದೆಗೆ ಬಿಡಬೇಕು. ನನ್ನ ಗಂಡ ಒಂದು ಸಲ ಕುಡಿದು ಮಲಗಿ ತೂಬು ಇಳಿಸೋದು ಮರೆತಿದ್ದ. ಆ ವರ್ಷ ನಮ್ಮ ಗದ್ದೆ ಒಣಗಿತು, ಬೇರೆಯವರದು ಬೆಳೆಯಿತು. ಅವನು ಹೇಳಿದಾಗ ನಾನು ಪಕ್ಕದಲ್ಲಿ ನಿಂತಿದ್ದೆ.

"ರೂಪಾ, ಅವನಿಗೆ ಹೇಳು. ಇದು ತಾನಾಗಿ ಉಪ್ಪಾಗಿದ್ದಲ್ಲ. ನಾನು ಅಗೆಸಿ ಕೆಡಿಸಿದ್ದು."

"ಅವ್ವಾ, ಯಾಕೆ ಸುಮ್ನೆ..."

"ಹೇಳೇ."

ಹೇಳಿದಳು. ಅವನು ನನ್ನನ್ನ ಮೇಲಿಂದ ಕೆಳಗೆ ನೋಡಿದ. ಎಷ್ಟು ಅಗೆಸಿದಿರಿ ಅಂತ ಕೇಳಿದ. ಎರಡು ಮೊಳ ಅಂತ ಕೈ ತೋರಿಸಿದೆ. ಅವನು ತಲೆ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಒಳಗಿಂದ ಮೀನಿನ ಸಾರಿನ ಬಟ್ಟಲು ತರಿಸಿದ. ಸಾರಿನ ಮೇಲೆ ಎಣ್ಣೆ ತೇಲುತ್ತಿತ್ತು.

ಈ ಎಣ್ಣೆ ಮಳೆ ನೀರು ಅಂದ. ಕೆಳಗಿನ ಸಾರು ಸಮುದ್ರ. ದ್ವೀಪದ ಮರಳಿನೊಳಗೆ ಸಿಹಿನೀರು ಹೀಗೆ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತೆ. ಮಳೆ ಹದವಾಗಿ ಬಿದ್ದರೆ ಈ ಪದರ ದಪ್ಪ. ಈಗ ಮಳೆ ತಿಂಗಳುಗಟ್ಟಲೆ ಇಲ್ಲ, ಬಂದರೆ ಇಂಗೋಕೂ ಬಿಡದೆ ಹರಿದು ಹೋಗುತ್ತೆ. ಮೇಲಿಂದ ತೆಳ್ಳಗಾಗುತ್ತೆ. ಸಮುದ್ರ ಕಾದು ಉಬ್ಬುತ್ತಿದೆ, ದೂರದ ಹಿಮವೂ ಕರಗಿ ಸೇರುತ್ತಿದೆ, ಅದು ಕೆಳಗಿಂದ ತಳ್ಳುತ್ತೆ. ನಡುವೆ ಉಳಿದಿದ್ದು ಇಷ್ಟೇ ಅಂತ ಎರಡು ಬೆರಳು ಹತ್ತಿರ ಹಿಡಿದ. ಆಮೇಲೆ ಚಮಚ ತೆಗೆದುಕೊಂಡು ಎಣ್ಣೆಯನ್ನ ತೂತು ಮಾಡಿ ಕೆಳಗಿಳಿಸಿದ. ನಿಮ್ಮಜ್ಜಿ ಮಾಡಿದ್ದು ಇದು ಅಂದ, ರೂಪ ಕಡೆ ತಿರುಗಿ.

ಹವ್ವಾ ಬಟ್ಟಲನ್ನೇ ನೋಡುತ್ತಿದ್ದಳು. "ಅಮ್ಮ ಹೇಳಿದ್ದು ಇದನ್ನೇ" ಅಂದಳು.

ಇನ್ನು ಸರಿಹೋಗುತ್ತಾ ಅಂತ ಕೇಳಿಸಿದೆ. ಅಗೆದದ್ದನ್ನ ಅದೇ ಮರಳಿನಲ್ಲಿ ಮುಚ್ಚಿ, ಮಳೆ ಚೆನ್ನಾಗಿ ಇಂಗಿದರೆ ಆಗಬಹುದು, ಆಗದೇನೂ ಇರಬಹುದು ಅಂದ. ಮಳೆಗಾಲ ಮುಗಿದ ಮೇಲೆ ಬಂದು ಮತ್ತೆ ಅದ್ದುತ್ತೇನೆ, ಅಲ್ಲಿಯ ತನಕ ಹೆಸರು ಬರೆಯಲ್ಲ ಅಂದ. ಪುಸ್ತಕ ಜೇಬಿಗಿಟ್ಟ. ಮುದ್ದೆ ತಿನ್ನುತ್ತೀಯಾ ಅಂತ ಕೇಳಿದೆ. ಬೇಡ ಅಂದ.

ಕಾಲುವೆ

ನನ್ನ ಸರದಿಯ ನೀರು ಅವಳಿಗೆ ಬಿಡೋಣ ಅಂದರೆ ಅಲ್ಲಿ ನನ್ನ ಪಾಲಿನದು ಅಂತ ಒಂದು ಹನಿಯೂ ಇಲ್ಲ. ನನ್ನ ಹತ್ತಿರ ಉಳಿದಿದ್ದದ್ದು ಊರಿಗೆ ಹೊರಡೋ ಮುಂಚಿನ ಒಂಬತ್ತು ದಿನ.

ಮೊದಲು ಮುಚ್ಚಿದೆವು. ಹೊತ್ತು ಹಾಕಿದ ಮರಳನ್ನ ಬುಟ್ಟಿಯಲ್ಲಿ ವಾಪಸ್ ಹೊತ್ತೆ. ಅಲಿ ತುಳಿದು ಸರಿ ಮಾಡಿದ. ಮೂರನೇ ಬುಟ್ಟಿಗೆ ಹವ್ವಾ ಬಂದು ಇನ್ನೊಂದು ಬುಟ್ಟಿ ಹಿಡಿದಳು.

"ನಾನಿ, ನಿಮ್ಮೂರಲ್ಲಿ ನೆಂಟರು ಬಂದರೆ ಹೀಗೇ ಕೆಲಸ ಹಚ್ಚುತ್ತೀರಾ?"

"ನಮ್ಮೂರಲ್ಲಿ ನೆಂಟರು ಬಾವಿ ಕೆಡಿಸಲ್ಲ."

ಅವಳು ನಕ್ಕಳು. ನಾನು ನಗಲಿಲ್ಲ.

ಆಮೇಲೆ ನಾನು ಅವಳ ಮನೆ ಸುತ್ತ ನಡೆದು ನೋಡಿದೆ. ಮುಂದಿನ ತಗಡಿನ ನೀರು ಟ್ಯಾಂಕಿಗೆ ಹೋಗುತ್ತೆ ಸರಿ. ಟ್ಯಾಂಕು ತುಂಬಿದ ಮೇಲೆ? ಹಿಂದಿನ ಅಡುಗೆಮನೆ ತಗಡು? ಪಕ್ಕದ ಮನೆಯದು? ಎಲ್ಲ ಸಿಮೆಂಟು ಹಾಕಿದ ಓಣಿಗೆ ಬಿದ್ದು ನೇರ ಸಮುದ್ರಕ್ಕೆ. ನಮ್ಮ ಕೆರೆಗೆ ನೀರು ಬರೋದು ಆಕಾಶದಿಂದ ಅಲ್ಲ, ಗುಡ್ಡದಿಂದ ಹಿಡಿದು ತರೋ ರಾಜಕಾಲುವೆಗಳಿಂದ. ಅವು ಮುಚ್ಚಿಹೋದ ಮೇಲೆ ಎಷ್ಟು ಮಳೆ ಬಂದರೂ ಕೆರೆ ನೋಡುತ್ತಾ ಕೂರುತ್ತೆ. ಬೋರ್ ಕೊರೆಯೋದು ನಾನು ಮುದುಕಿಯಾದ ಮೇಲೆ ಕಲಿತದ್ದು. ಕಾಲುವೆ ತೆಗೆಯೋದು ಮದುವೆಯಾದ ವರ್ಷವೇ ಮಾವ ಕಲಿಸಿದ್ದು. ಅಲ್ಲಿ ನೆನಪಾಗಬೇಕಿದ್ದು ಎರಡನೆಯದು, ನೆನಪಾದದ್ದು ಮೊದಲನೆಯದು.

ಅಲಿ ಹಳೇ ಪೈಪುಗಳನ್ನ ಉದ್ದಕ್ಕೆ ಸೀಳಿದ. ತಗಡಿನ ಅಂಚಿಗೆಲ್ಲ ಕಟ್ಟಿದೆವು. ಪಕ್ಕದ ಮನೆಯವಳು ಅವಳ ತಗಡಿನ ನೀರೂ ತಗೋ ಅಂದಳು, ಬಾವಿ ಸರಿಹೋದರೆ ಅವಳಿಗೂ ಎರಡು ಡಬ್ಬ. ಅಂಗಳದಲ್ಲಿ ಕಾಲುವೆಗೆ ಇಳಿಜಾರು ಹುಡುಕಬೇಕು, ಕಣ್ಣಿಗೆ ಎಲ್ಲ ಮಟ್ಟಸವೇ. ಮಾವ ಮಾಡುತ್ತಿದ್ದ ಹಾಗೆ ಒಂದು ಚೊಂಬು ನೀರು ಚೆಲ್ಲಿ, ಅದರ ಮೇಲೆ ಒಣ ಎಲೆ ಬಿಟ್ಟು, ಎಲೆ ಹೋದ ದಾರಿಗೆ ಕೋಲಿನಲ್ಲಿ ಗೆರೆ ಎಳೆದೆ. ಚೆಲ್ಲಿದ್ದು ಸಮುದ್ರದ ನೀರು. ಅದಾದರೂ ಉಪಯೋಗಕ್ಕೆ ಬಂತು. ಕಾಲುವೆಯ ಕೊನೆಗೆ ಬಾವಿ ಪಕ್ಕದಲ್ಲಿ ಒಂದು ಇಂಗುಗುಂಡಿ. ಅಗೆಯೋ ಮುಂಚೆ ಎಷ್ಟು ಆಳ ಅಂತ ಹವ್ವಾನ ಕೇಳಿದೆ. ಅವಳು ಮಂಡಿ ತೋರಿಸಿದಳು. ಅಷ್ಟೇ ಅಗೆದೆವು.

ಅಸ್ಸಿದ ಮುಗಿಯಿತು, ಬುರುನು ಹುಟ್ಟಿತು. ಮಳೆ ಬರಲಿಲ್ಲ. ಒಣ ಕಾಲುವೆ ಬಿಟ್ಟು ನಾನು ದೋಣಿ ಹತ್ತಿದೆ. ಹವ್ವಾ ಎಲೆ ಅಡಿಕೆ ಕಟ್ಟಿಕೊಟ್ಟಳು. ಈ ಸಲ ಎರಡೇ ಸಲ ವಾಂತಿ.

ಊರು

ನಮ್ಮಲ್ಲೂ ಭರಣಿ ಬರಲಿಲ್ಲ. ಗೌನಿಪಲ್ಲಿಯಲ್ಲಿ ಮಾವಿನಕಾಯಿ ನಿಂಬೆಹಣ್ಣಿನಷ್ಟಾಗಿ ಉದುರಿತು. ಅಳಿಯ ಇನ್ನೂ ಇನ್ನೂರು ಅಡಿ ಕೊರೆಸೋಣವಾ ಅಂತ ಕೇಳಿದ. ನಾನು ಬಟ್ಟಲಿನ ಕಥೆ ಹೇಳಿದೆ. "ನಮ್ಮ ಕೆಳಗೆ ಸಮುದ್ರ ಇಲ್ಲವಲ್ಲತ್ತೆ" ಅಂದ. ಕೊರೆಸಿದ. ಎರಡು ತಿಂಗಳು ನೀರು ಬಂತು.

ರೋಹಿಣಿಯಲ್ಲಿ ರೂಪ ಫೋನ್ ಮಾಡಿದಳು. ಅಲ್ಲಿ ರೋನು ಎರಡು ದಿನ ಬಿಡದೆ ಸುರಿದು, ಓಣಿಯಲ್ಲಿ ಒಂದು ಹನಿ ಹರಿಯದೆ ಎಲ್ಲ ಹವ್ವಾಳ ಗುಂಡಿಗೇ ಹೋಯಿತಂತೆ. ನೀರು ಹೇಗಿದೆ ಅಂದೆ. ಉಪ್ಪು ಅಂದಳು. ಆಮೇಲೆ ಪ್ರತಿ ಮಳೆಗೂ ಅದೇ ಪ್ರಶ್ನೆ, ಅದೇ ಉತ್ತರ. ನಾನು ಕೇಳೋದು ಬಿಡಲಿಲ್ಲ.

ಕಾರ್ತೀಕದಲ್ಲಿ ಮತ್ತೆ ಮದ್ರಾಸಿನ ಕಡೆ ಸಮುದ್ರ ಕೆದರಿತು. ನಾಲ್ಕು ದಿನ ಹಿಡಿದ ಮಳೆಗೆ ರಾಗಿ ಮಲಗಿತು, ಕೆರೆ ತುಂಬಿತು. ಕೋಡಿ ಬಿದ್ದ ಬೆಳಗ್ಗೆ ನಾನು ಏರಿ ಮೇಲಿದ್ದಾಗ ರೂಪ ಮುಖ ಕಾಣೋ ಫೋನ್ ಮಾಡಿದಳು. ಪಕ್ಕದಲ್ಲಿ ಹವ್ವಾ. ನಾನು ಫೋನ್ ತಿರುಗಿಸಿ ಕೋಡಿ ತೋರಿಸಿದೆ.

"ಅಬ್ಬಾ, ನಾನಿ! ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ?"

"ಪಾಲಾರ್ ಹೊಳೆಗೆ. ಅಲ್ಲಿಂದ ಸಮುದ್ರಕ್ಕೆ. ನಿಮ್ಮ ಕಡೆಗೇ ಕಳಿಸ್ತಾ ಇದ್ದೀನಿ, ತಗೋ."

"ಉಪ್ಪು ಹಾಕಿ ಕಳಿಸ್ತೀರಿ" ಅಂದಳು.

ಮೀಟರಿನವನು ಹಿಂದಿನ ದಿನ ಬಂದು ಹೋಗಿದ್ದನಂತೆ. ಕುಡಿಯೋಕಲ್ಲ, ಗಿಡಕ್ಕೆ, ಪಾತ್ರೆಗೆ ಅಡ್ಡಿಯಿಲ್ಲ ಅಂದನಂತೆ. ಮುಂದಿನ ವರ್ಷ ಮತ್ತೆ ಅದ್ದುತ್ತಾನಂತೆ. ಹೆಸರು ಬರೆಯಲಿಲ್ಲ. ಅಲಿ ಮಾತ್ರ ದೊಡ್ಡ ದ್ವೀಪಕ್ಕೆ ಕೂಲಿಗೆ ಹೋಗಿದ್ದಾನೆ.

"ಮೀಟರು ಹಾಗಿರಲಿ. ನೀನು ಬಾಯಿಗೆ ಹಾಕು. ನಾನು ನೋಡ್ಬೇಕು."

ಅವಳು ಕೋಲಿನ ಡಬ್ಬ ಇಳಿಸಿ ಎತ್ತಿದಳು. ಹಿಂದೆ ಮೆಣಸಿನ ಗಿಡ ಕಂಡಿತು, ಹೊಸದು, ಗೇಣುದ್ದ. ಒಂದು ಗುಟುಕು ಹಾಕಿಕೊಂಡಳು. ಮುಖ ಸ್ವಲ್ಪ ಹಿಂಡಿತು. ಉಗಿಯುತ್ತಾಳೆ ಅಂತ ನಾನು ನೋಡುತ್ತಲೇ ಇದ್ದೆ. ಹವ್ವಾ ಕಣ್ಣು ಮುಚ್ಚಿ, ಮುದ್ದೆ ನುಂಗೋ ಹಾಗೆ ನುಂಗಿದಳು.